ಕಟ್ಟುವುದಕ್ಕೆ ಬಾಂಡ್ ಇದೆ, ಕಾಪಾಡುವುದಕ್ಕೆ? ರಾಲಿ–ಕ್ಯಾರಿ ಕನ್ನಡಿಗರು ಗ್ರೀನ್‌ವೇ ಬಜೆಟ್ ಬಗ್ಗೆ ಮಾತನಾಡಬೇಕಾದ ಹೊತ್ತು

ಹೊಳೆದಂಡೆ (ರಾಲಿ)

ಮೇ ತಿಂಗಳು ಬಂತೆಂದರೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ, ಕ್ಯಾರಿಯಂಥ ಊರುಗಳಲ್ಲಿ ಮುಂದಿನ ವರ್ಷದ ಬಜೆಟ್ ಕರಡು ಹೊರಬೀಳುತ್ತದೆ. ಸ್ಥಳೀಯ ಆಡಳಿತಗಳ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ, ಅದಕ್ಕೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಿ ಬಜೆಟ್ ಅಂಗೀಕರಿಸಬೇಕು. ನಾನು ಕಂಡ ಸಭೆಗಳಲ್ಲಿ ಪೊಲೀಸ್, ಬಸ್ಸು, ಬಾಡಿಗೆ ಮನೆ ಎಲ್ಲದರ ಪರವಾಗಿಯೂ ಜನ ಎದ್ದು ನಿಂತು ಮಾತನಾಡಿದ್ದಾರೆ. ಗ್ರೀನ್‌ವೇ (ಹಳ್ಳ, ನದಿಗಳ ಬದಿಯಲ್ಲಿ ನಡೆಯಲು, ಸೈಕಲ್ ತುಳಿಯಲು ಇರುವ ಹಸಿರು ದಾರಿ) ಹೆಸರೆತ್ತುವವರು ಕಡಿಮೆ. ಎತ್ತಿದವರೂ ಹೊಸ ದಾರಿ ಕೇಳುತ್ತಾರೆಯೇ ಹೊರತು, ಇರುವ ದಾರಿಯನ್ನು ನೆಟ್ಟಗೆ ನೋಡಿಕೊಳ್ಳಿ ಎಂದು ಕೇಳುವವರು ವಿರಳ. ನನ್ನ ಕೋರಿಕೆ ಒಂದೇ. ಈ ಸಲ ನಾವು ಒಂದಷ್ಟು ಜನ ಹೋಗಿ ನಿರ್ವಹಣೆಯ ಹಣವನ್ನೇ ಕೇಳೋಣ.

ಹೊಸದಾಗಿ ಬಂದವರಿಗೆ ಸ್ವಲ್ಪ ಹಿನ್ನೆಲೆ. 1972ರಲ್ಲಿ ಎನ್.ಸಿ. ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೂದೃಶ್ಯ ವಿನ್ಯಾಸ ಓದುತ್ತಿದ್ದ ವಿಲಿಯಂ ಫ್ಲೋರ್ನಾಯ್ ಎಂಬ ವಿದ್ಯಾರ್ಥಿ ರಾಲಿಯ ಕೌನ್ಸಿಲ್‌ಗೆ ಒಂದು ವರದಿ ಕೊಟ್ಟರು. ಹಳ್ಳಗಳ ಇಕ್ಕೆಲದ ತಗ್ಗು ಜಾಗದಲ್ಲಿ ಕಟ್ಟಡ ಎಬ್ಬಿಸಲು ಬಿಡದೆ ಅದನ್ನು ಜನ ನಡೆದಾಡುವ ಹಸಿರು ಪಟ್ಟಿಯಾಗಿ ಉಳಿಸಿಕೊಳ್ಳಬಹುದು ಎಂಬುದು ಅದರ ಸಾರ. ಅದೇ ವರ್ಷ ಕ್ರ್ಯಾಬ್‌ಟ್ರೀ ಹಳ್ಳದ ಬಯಲಿನಲ್ಲಿ ಕ್ರ್ಯಾಬ್‌ಟ್ರೀ ವ್ಯಾಲಿ ಮಾಲ್ ಬಾಗಿಲು ತೆರೆಯಿತು. ಮರುವರ್ಷವೇ ಅದಕ್ಕೆ ನೀರು ನುಗ್ಗಿತು. ವರದಿ ಬರೆದ ಹುಡುಗನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. 1974ರಲ್ಲಿ ಗ್ರೀನ್‌ವೇ ಆಯೋಗ ರಚನೆಯಾಯಿತು. ಇಂದು ನಗರದ ಜಾಲ 100 ಮೈಲಿ ದಾಟಿದೆ. ಫಾಲ್ಸ್ ಲೇಕ್ ಅಣೆಕಟ್ಟಿನ ಬುಡದಿಂದ ಜಾನ್‌ಸ್ಟನ್ ಕೌಂಟಿಯ ಗಡಿಯವರೆಗೆ ನ್ಯೂಸ್ ನದಿಯ ಜೊತೆಜೊತೆಗೇ ಸಾಗುವ ದಾರಿಯೊಂದೇ 27.5 ಮೈಲಿ ಉದ್ದವಿದೆ.

ಅಂದರೆ ದಾರಿ ಇರುವುದೇ ನೀರು ಬರುವ ಜಾಗದಲ್ಲಿ. ಪ್ರವಾಹ ಬಂದಾಗ ಮನೆಗಳ ಬದಲು ಈ ಪಟ್ಟಿ ಮುಳುಗಲಿ ಎಂದೇ ಇದನ್ನು ಬಿಟ್ಟಿರುವುದು. ಹಾಗಾಗಿ ನಿರ್ವಹಣೆ ಎಂಬುದು ಇಲ್ಲಿ ಅಪರೂಪಕ್ಕೆ ಬರುವ ಖರ್ಚಲ್ಲ. ಕ್ರ್ಯಾಬ್‌ಟ್ರೀ ದಾರಿ ರಸ್ತೆ ಸೇತುವೆಗಳ ಕೆಳಗೆ ನುಸುಳಿ ಹೋಗುವ ಕಡೆ, ಜೋರು ಮಳೆಯ ಮರುದಿನ ಹೋಗಿ ನೋಡಿ. ನೀರು ಇಳಿದಿರುತ್ತದೆ, ಕೆಂಪು ಗೋಡು ಮಾತ್ರ ಬೆರಳು ದಪ್ಪಕ್ಕೆ ಕೂತಿರುತ್ತದೆ. ಮೇಲೆ ಕೆನೆಕಟ್ಟಿ ಒಣಗಿದಂತೆ ಕಂಡರೂ ಕಾಲಿಟ್ಟರೆ ಒಳಗೆ ಅಂಬಲಿಯಂತೆ ಜಾರುತ್ತದೆ. ನಗರದ ಕೆಲಸಗಾರರು ಸಲಿಕೆ ಮತ್ತು ಸಣ್ಣ ಯಂತ್ರ ತಂದು ಕೆರೆದು, ನೀರು ಹೊಡೆದು ತೊಳೆಯುತ್ತಾರೆ. ಮತ್ತೆ ಮಳೆ, ಮತ್ತೆ ಗೋಡು.

ಈಗ ಹಣದ ಮಾತು. ರಾಲಿಯ ಮತದಾರರು 2014ರಲ್ಲಿ ಉದ್ಯಾನಗಳಿಗಾಗಿ ಸುಮಾರು 9.2 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. 2022ರಲ್ಲಿ 27.5 ಕೋಟಿ ಡಾಲರ್‌ಗೆ. ಇದು ಹೆಮ್ಮೆಯ ವಿಷಯವೇ. ಆದರೆ ಬಾಂಡ್ ಎಂದರೆ ಬಂಡವಾಳ ವೆಚ್ಚಕ್ಕೆ ಎತ್ತುವ ಸಾಲ. ಅದರಿಂದ ಹೊಸ ದಾರಿ ಹಾಕಬಹುದು, ಹಳೆಯ ಸೇತುವೆಯನ್ನು ಕಿತ್ತು ಹೊಸದು ಕಟ್ಟಬಹುದು. ಗೋಡು ಎತ್ತುವವನ ಸಂಬಳ ಕೊಡಲಾಗದು. ಆ ಸಂಬಳ ಪ್ರತಿವರ್ಷದ ಸಾಮಾನ್ಯ ಬಜೆಟ್‌ನಿಂದ ಬರಬೇಕು. ಹೊಸ ಮೈಲಿ ಸೇರಿದ ವರ್ಷ ಅದನ್ನು ನೋಡಿಕೊಳ್ಳುವ ಕೈಗಳೂ ಸೇರದಿದ್ದರೆ, ಮೊದಲಿದ್ದ ಮೈಲಿಗಳ ಪಾಲು ಸವೆಯುತ್ತದೆ.

ನಾನು ಕೇಳಬೇಕೆಂದಿರುವುದು ಇಷ್ಟು. ಗ್ರೀನ್‌ವೇ ನಿರ್ವಹಣೆಯ ಹಣವನ್ನು ಉದ್ಯಾನಗಳ ಒಟ್ಟು ಮೊತ್ತದಲ್ಲಿ ಮುಳುಗಿಸದೆ ಬಜೆಟ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ಹೊಸ ದಾರಿಗೆ ಮಂಜೂರಾತಿ ಕೊಡುವ ದಿನವೇ ಅದರ ವಾರ್ಷಿಕ ನಿರ್ವಹಣೆ ಎಷ್ಟು ಎಂದು ಬರೆದಿಡಬೇಕು. ಯಾವ ದಾರಿಯ ಸ್ಥಿತಿ ಹೇಗಿದೆ ಎಂಬುದನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ನಿಮ್ಮ ಅಭಿಪ್ರಾಯ ತಿಳಿಸಿ. ಒಪ್ಪದವರ ಮಾತು ಮೊದಲು ಬರಲಿ.

ಲೆಕ್ಕಪತ್ರ (ಕ್ಯಾರಿ)

ಹೊಳೆದಂಡೆಯವರೇ, ಒಪ್ಪದವರಲ್ಲಿ ನಾನೂ ಒಬ್ಬ, ಆದ್ದರಿಂದ ಮೊದಲು ಬರೆಯುತ್ತಿದ್ದೇನೆ. 2024ರ ನವೆಂಬರ್‌ನಲ್ಲಿ ಕ್ಯಾರಿಯ 56 ಕೋಟಿ ಡಾಲರ್ ಉದ್ಯಾನ ಬಾಂಡ್ ಬಿದ್ದುಹೋಯಿತಲ್ಲ, ಅದಕ್ಕೆ 'ಬೇಡ' ಎಂದು ಮತ ಹಾಕಿದವನು ನಾನು. ಅದರ ಜೊತೆಗಿದ್ದ 3 ಕೋಟಿಯ ವಸತಿ ಬಾಂಡ್ ಕೂಡ ಬಿತ್ತು. ಅದಕ್ಕೆ 'ಬೇಕು' ಎಂದಿದ್ದೆ.

ಕಾರಣ ಕೇಳಿ. ಅದೇ ವರ್ಷ ನಮ್ಮ ವೇಕ್ ಕೌಂಟಿ ತೆರಿಗೆಗಾಗಿ ಎಲ್ಲ ಆಸ್ತಿಗಳ ಮರುಮೌಲ್ಯಮಾಪನ ಮಾಡಿತ್ತು. ಮನೆ ಮಾರದೆ, ಕೈಗೆ ಒಂದು ಡಾಲರೂ ಬರದೆ, ಕಾಗದದ ಮೇಲೆ ನಾವು ಶ್ರೀಮಂತರಾದೆವು. ಅದರ ಮೇಲೆ ಈ ಬಾಂಡ್‌ಗಾಗಿ 100 ಡಾಲರ್ ಮೌಲ್ಯಕ್ಕೆ ಹಂತಹಂತವಾಗಿ ಒಟ್ಟು 9 ಸೆಂಟ್‌ವರೆಗೆ ತೆರಿಗೆ ಏರುತ್ತದೆ ಎಂದರು. 6 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 540 ಡಾಲರ್. ಇಬ್ಬರೂ ದುಡಿಯುವ ಮನೆಗೆ ಅದು ದೊಡ್ಡದಲ್ಲದಿರಬಹುದು. ನಮ್ಮ ಬೀದಿಯಲ್ಲಿ ಪಿಂಚಣಿಯ ಮೇಲೆ ಬದುಕುವವರಿದ್ದಾರೆ, ಅವರಿಗೆ ದೊಡ್ಡದು. ಬಾಂಡ್ ಪಾರ್ಕ್ ಎಂಬ ಹೆಸರಿನ ಉದ್ಯಾನದಲ್ಲಿ ಕಟ್ಟಬೇಕೆಂದಿದ್ದ ಕ್ರೀಡಾ ಕೇಂದ್ರಕ್ಕೇ ಅದರಲ್ಲಿ ದೊಡ್ಡ ಪಾಲಿತ್ತು. ಗ್ರೀನ್‌ವೇ ಎಂಬ ಎಲ್ಲರೂ ಇಷ್ಟಪಡುವ ಹೆಸರನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಬೇರೆ ದೊಡ್ಡ ಕಟ್ಟಡಗಳನ್ನು ತರುವುದು ನನಗೆ ಸರಿ ಕಾಣಲಿಲ್ಲ.

ಇಲ್ಲಿನ ಜನ ಜಿಪುಣರಲ್ಲ. 2019ರಲ್ಲಿ ಇದೇ ಕ್ಯಾರಿ 22.5 ಕೋಟಿ ಡಾಲರ್ ಬಾಂಡ್‌ಗಳಿಗೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ ಸುಮಾರು ಅರ್ಧ ಉದ್ಯಾನಗಳಿಗೇ. ಊರ ನಡುವಿನ ಡೌನ್‌ಟೌನ್ ಪಾರ್ಕ್‌ಗೆ ಸುಮಾರು 6.9 ಕೋಟಿ ಖರ್ಚಾಗಿ 2023ರಲ್ಲಿ ಅದು ತೆರೆದಾಗ ಎಲ್ಲರೂ ಸಂಭ್ರಮಪಟ್ಟೆವು. 'ಇನ್ನೂ, ಇನ್ನೂ' ಎಂದಾಗ ಜನ ಕೈ ಅಡ್ಡ ಹಿಡಿದರು. ಈ ಭಾವನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಭೆಗೆ ಹೋದರೆ ನಿಮ್ಮ ಮಾತು ನಿಲ್ಲುವುದಿಲ್ಲ.

ಹೊಳೆದಂಡೆ (ರಾಲಿ)

ಲೆಕ್ಕಪತ್ರ ಅವರೇ, ನೀವು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ನಾನು ಬಾಂಡ್ ಕೇಳುತ್ತಿಲ್ಲ. ಬಾಂಡ್ ಬಿದ್ದ ಊರಿನಲ್ಲಂತೂ ನಿರ್ವಹಣೆಯ ಹಣ ಇನ್ನೂ ಮುಖ್ಯ, ಏಕೆಂದರೆ ಹೊಸದು ಬರುವುದು ನಿಧಾನವಾದಷ್ಟೂ ಇರುವುದನ್ನೇ ಹೆಚ್ಚು ಕಾಲ ಬಳಸಬೇಕು. ಕ್ಯಾರಿಯಲ್ಲೇ 80 ಮೈಲಿಗೂ ಹೆಚ್ಚು ದಾರಿಯಿದೆ. ಬಾಂಡ್ ಬೇಡ ಎಂದವರು ಈ 80 ಮೈಲಿ ಹಾಳಾಗಲಿ ಎಂದೇನೂ ಮತ ಹಾಕಲಿಲ್ಲವಲ್ಲ?

ಕಾವೇರಿ ಕಡೆಯವಳು (ಟ್ರಯಾಂಗಲ್)

ನನಗೆ ತೆರಿಗೆ, ಬಾಂಡ್ ಅಷ್ಟಾಗಿ ತಿಳಿಯದು. ಬೇರುಗಳ ಬಗ್ಗೆ ಹೇಳುತ್ತೇನೆ.

ನಮ್ಮ ಬಡಾವಣೆಯ ಹಿಂದೆ ಹಾದುಹೋಗುವ ದಾರಿಯಲ್ಲಿ ಪೈನ್ ಮರಗಳ ಬೇರು ಡಾಂಬರನ್ನು ಅಡ್ಡಡ್ಡಲಾಗಿ ಎತ್ತಿಬಿಟ್ಟಿದೆ. ದೂರದಿಂದ ಕಾಣುವುದಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಮರದ ನೆರಳೂ ಬೇರಿನ ಏಣೂ ಒಂದೇ ಬಣ್ಣವಾಗಿ ಬೆರೆತುಹೋಗುತ್ತವೆ. ನಮ್ಮ ಮಾವನವರು ಮಂಡ್ಯದಿಂದ ಆರು ತಿಂಗಳಿಗೆ ಬಂದಿದ್ದರು. ಕಾರು ಓಡಿಸಲಾರರು, ಇಂಗ್ಲಿಷ್ ಹೆಚ್ಚು ಬಾರದು. ಅವರಿಗೆ ಆ ದಾರಿಯೊಂದೇ ಸ್ವಂತವಾಗಿ ಹೋಗಿಬರಬಹುದಾದ ಜಾಗ. ಮಂಕಿ ಕ್ಯಾಪ್ ಹಾಕಿಕೊಂಡು ಬೆಳಿಗ್ಗೆ ಹೊರಟರೆ ಅಲ್ಲೇ ತೆಲುಗಿನವರು, ಗುಜರಾತಿನವರು ಸಿಕ್ಕಿ, ಬೆಂಚಿನ ಮೇಲೆ ಮಾತು ಕತೆ ಮುಗಿಸಿ ತಿಂಡಿ ಹೊತ್ತಿಗೆ ಬರುತ್ತಿದ್ದರು. ಒಂದು ದಿನ ಬೇರಿಗೆ ಎಡವಿ ಬಿದ್ದು ಮಣಿಕಟ್ಟು ಮುರಿಯಿತು. ಪ್ರವಾಸಿ ವಿಮೆಯವರು ಎಷ್ಟು ಕೊಟ್ಟರು, ನಾವೆಷ್ಟು ಕಟ್ಟಿದೆವು ಎಂಬುದು ಬೇರೆ ಕತೆ. ಅದಾದ ಮೇಲೆ ಅವರು ಹೊರಗೆ ಹೋಗಲು ಹೆದರಿ ಮನೆಯಲ್ಲೇ ಕೂತರು. ನನ್ನ ಸಂಕಟ ಅದು.

ಆ ಬೇರಿನ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆ. ಯಾರೋ ಬಂದು ಸುತ್ತಲೂ ಬಿಳಿ ಬಣ್ಣ ಬಳಿದು ಹೋಗಿದ್ದರು. ಬಣ್ಣ ಬಳಿಯಲು ಬಂದವರ ಮೇಲೆ ಸಿಟ್ಟಿಲ್ಲ, ಅವರ ಗಾಡಿಯಲ್ಲಿ ಅಷ್ಟೇ ಇದ್ದಿತೇನೋ. ನನ್ನ ಪ್ರಶ್ನೆ ಬೇರೆ. ನಾವು ಎಚ್-1ಬಿ ಕೆಲಸದ ವೀಸಾ ಮೇಲಿದ್ದೇವೆ, ಮತ ಹಾಕುವಂತಿಲ್ಲ. ಇಂಥ ಸಭೆಗೆ ನಾವು ಹೋಗಬಹುದೇ? ಹೋಗಿ ಮಾತನಾಡಿದರೆ ಏನಾದರೂ ತೊಂದರೆ ಆದೀತೇ?

ಹೊಳೆದಂಡೆ (ರಾಲಿ)

ಅಕ್ಕ, ಖಂಡಿತ ಹೋಗಬಹುದು. ಸಾರ್ವಜನಿಕ ಅಹವಾಲು ಸಭೆಗೆ ಮತದ ಹಕ್ಕು ಬೇಕಿಲ್ಲ. ಮನೆ ಇದ್ದರೆ ಆಸ್ತಿ ತೆರಿಗೆ ಕಟ್ಟುತ್ತೀರಿ, ಬಾಡಿಗೆಯಿದ್ದರೆ ಆ ತೆರಿಗೆ ಬಾಡಿಗೆಯಲ್ಲೇ ಸೇರಿರುತ್ತದೆ. ಅಂಗಡಿಯಲ್ಲಿ ಮಾರಾಟ ತೆರಿಗೆ ಹೇಗೂ ಉಂಟು. ನಿಮ್ಮ ಮಾವನವರಿಗೆ ಆದದ್ದನ್ನು ನೀವು ಎರಡು ನಿಮಿಷ ಹೇಳಿದರೆ ಅದು ನನ್ನ ಅಂಕಿಅಂಶಗಳಿಗಿಂತ ಹೆಚ್ಚು ನಾಟುತ್ತದೆ. ಅವರ ಕೈ ಈಗ ಹೇಗಿದೆ?

ನಿವೃತ್ತ ಲೋಕೋಪಯೋಗಿ (ಮಗಳ ಮನೆ, ಮೊರಿಸ್ವಿಲ್)

ನಾನು ಹಾಸನ, ಚಿಕ್ಕಮಗಳೂರು ಕಡೆ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವನು. ಮಗಳ ಮನೆಗೆ ಬಂದಾಗಲೆಲ್ಲ ಈ ದಾರಿಗಳಲ್ಲಿ ನಡೆಯುತ್ತೇನೆ, ಹಳೆಯ ಅಭ್ಯಾಸದಿಂದ ಮೋರಿಗಳನ್ನು ಬಗ್ಗಿ ನೋಡುತ್ತೇನೆ.

ತಂಗಿ ಕಾವೇರಿ ಕಡೆಯವರು ಹೇಳಿದ ಬೇರಿನ ಸಮಸ್ಯೆ ಕಣ್ಣಿಗೆ ಕಾಣುವಂಥದು. ಕಾಣದ್ದು ನೀರು. ಡಾಂಬರು ಹಾಕಿದ ಯಾವುದೇ ದಾರಿಗೆ ಮೊದಲ ಶತ್ರು ಅಡಿಯಲ್ಲಿ ನಿಲ್ಲುವ ನೀರು. ಬದಿಯ ಚರಂಡಿಯಲ್ಲಿ ಎಲೆ ತುಂಬಿಕೊಂಡರೆ ನೀರು ಮೋರಿಯ ಕಡೆ ಹೋಗದೆ ದಾರಿಯ ಅಂಚಿಗೆ ತಿರುಗುತ್ತದೆ. ಅಂಚಿನ ಮಣ್ಣು ಕೊಚ್ಚಿಹೋಗುತ್ತದೆ, ಜಲ್ಲಿ ಸಡಿಲವಾಗುತ್ತದೆ, ಮೇಲಿನ ಡಾಂಬರು ಆಧಾರವಿಲ್ಲದೆ ಮುರಿಯುತ್ತದೆ. ಎಲೆ ತೆಗೆಯಲು ಒಬ್ಬ ಆಳಿಗೆ ಅರ್ಧ ದಿನ ಸಾಕಿತ್ತು. ತೆಗೆಯದಿದ್ದರೆ ಅಲ್ಲಿ ಅಗೆದು, ಜಲ್ಲಿ ತುಂಬಿ, ಉರುಳೆ ಹೊಡೆದು ಹೊಸದಾಗಿ ಹಾಕಬೇಕು. ಖರ್ಚು ಎಷ್ಟು ಪಟ್ಟು ಎಂಬುದನ್ನು ನೀವೇ ಊಹಿಸಿ.

ನಮ್ಮಲ್ಲಿ ಹಿಂದೆ ರಸ್ತೆಯ ಇಂತಿಷ್ಟು ಉದ್ದಕ್ಕೆ ಎಂದು ಗ್ಯಾಂಗ್‌ಮನ್‌ಗಳು ಇರುತ್ತಿದ್ದರು. ಮಳೆಗಾಲಕ್ಕೆ ಮೊದಲು ಚರಂಡಿ ಬಿಡಿಸುವುದು, ಸಣ್ಣ ಗುಂಡಿಗೆ ಅಂದೇ ಜಲ್ಲಿ ಹಾಕುವುದು ಅವರ ಕೆಲಸ. ತನ್ನ ಪಾಲಿನ ರಸ್ತೆಯಲ್ಲಿ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ ಎಂಬುದು ಗ್ಯಾಂಗ್‌ಮನ್‌ಗೆ ನಿದ್ದೆಯಲ್ಲೂ ಗೊತ್ತಿರುತ್ತಿತ್ತು. ಆ ಪದ್ಧತಿ ಸೊರಗಿದ ಮೇಲೆ ಎಲ್ಲವೂ ಟೆಂಡರ್ ಆಯಿತು, ಗುಂಡಿ ದೊಡ್ಡದಾಗುವವರೆಗೆ ಯಾರೂ ಬರುವುದಿಲ್ಲ. ಇಲ್ಲಿಯೂ ಪ್ರತಿ ದಾರಿಗೆ ಗೊತ್ತುಪಡಿಸಿದ ಕೆಲಸಗಾರರು ಬೇಕು ಎಂದು ಕೇಳಿ. 'ಹಣ ಕೊಡಿ' ಎನ್ನುವುದಕ್ಕಿಂತ 'ಜನ ಕೊಡಿ' ಎನ್ನುವುದು ಮೇಲು.

ಸೈಕಲ್ ಸವಾರ (ಡರ್ಹಂ)

ಹಿರಿಯರೇ, ನಿಮ್ಮ ಮಾತು ಓದಿ ಸಂತೋಷವಾಯಿತು. ನಾನು ದಿನವೂ ಅಮೆರಿಕನ್ ಟೊಬ್ಯಾಕೋ ಟ್ರೇಲ್‌ನಲ್ಲಿ ಕೆಲಸಕ್ಕೆ ಹೋಗುವವನು. ಹಳೆಯ ರೈಲು ಹಾದಿಯ ಮೇಲಿರುವ 22 ಮೈಲಿ ದಾರಿ ಅದು. ಐ-40 ಹೆದ್ದಾರಿ ಅದನ್ನು ಎರಡು ತುಂಡು ಮಾಡಿತ್ತು, 2014ರಲ್ಲಿ ಮೇಲ್ಸೇತುವೆ ಆದ ಮೇಲೆ ಒಂದಾಯಿತು. ಆ ಸೇತುವೆಗೆ ಮೊದಲು ಮತ್ತು ಆಮೇಲೆ ಈ ದಾರಿಯನ್ನು ಬಳಸಿದವರಿಗೆ ಒಂದು ಕೊಂಡಿ ಸೇರಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಗೊತ್ತು. ಆದ್ದರಿಂದ 'ಮೊದಲು ನಿರ್ವಹಣೆ, ಹೊಸದು ಆಮೇಲೆ' ಎಂಬ ಧೋರಣೆಗೆ ನಾನು ಬರಲಾರೆ. ನಡುವೆ ಕಡಿದುಹೋದ ದಾರಿ ವಾಯುವಿಹಾರಕ್ಕೆ ಸಾಕು, ಕೆಲಸಕ್ಕೆ ಹೋಗಲು ಸಾಲದು. ಎರಡೂ ಬೇಕು.

ಹಣ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಹೊಸ ದಾರಿಗೆ ಒಕ್ಕೂಟ ಸರ್ಕಾರದ ಸಾರಿಗೆ ನಿಧಿ ಸಿಗುತ್ತದೆ, ಸಾಮಾನ್ಯವಾಗಿ ನೂರಕ್ಕೆ ಅವರದು 80, ನಮ್ಮದು 20 ಪಾಲು. ಬೇರೆ ರಾಜ್ಯಗಳಲ್ಲಿ ಆ 20ರಲ್ಲಿ ರಾಜ್ಯವೂ ಕೈ ಜೋಡಿಸಬಹುದು. ನಮ್ಮಲ್ಲಿ 2013ರ ಸಾರಿಗೆ ಕಾನೂನು, ರಸ್ತೆ ಕಾಮಗಾರಿಯ ಭಾಗವಲ್ಲದ ಸ್ವತಂತ್ರ ಸೈಕಲ್ ಮತ್ತು ಪಾದಚಾರಿ ಯೋಜನೆಗಳಿಗೆ ರಾಜ್ಯದ ಸಾರಿಗೆ ಹಣ ಕೊಡುವುದನ್ನೇ ತಡೆದಿದೆ. ಹೀಗಾಗಿ ಆ 20 ಪಾಲು ಪೂರ್ತಿ ಊರಿನ ತಲೆಯ ಮೇಲೆ. 2021ರಲ್ಲಿ ರಾಜ್ಯದ ಬಜೆಟ್ ದೊಡ್ಡ ಟ್ರೇಲ್‌ಗಳಿಗೆ ಸುಮಾರು 2.9 ಕೋಟಿ ಡಾಲರ್ ಕೊಟ್ಟಿತು, ರಾಜ್ಯ 2023ನ್ನು 'ಟ್ರೇಲ್‌ಗಳ ವರ್ಷ' ಎಂದೂ ಸಾರಿತು. ಒಳ್ಳೆಯದೇ. ಆದರೆ ಒಮ್ಮೆ ಬಂದ ಹಣದಿಂದ ಪ್ರತಿವರ್ಷದ ಕೆಲಸ ನಡೆಯುವುದಿಲ್ಲ.

ಸಾಮಗ್ರಿಯ ವಿಷಯವೂ ಇದೆ. ಜೌಗು ಜಾಗದಲ್ಲಿ ಹಾಕಿದ ಮರದ ಹಲಗೆಯ ದಾರಿಗಳು ಮಳೆ, ಬಿಸಿಲು, ನೆರಳಿನ ತೇವಕ್ಕೆ ಬೇಗ ಕೊಳೆಯುತ್ತವೆ. ಹಲಗೆ ಸೊಟ್ಟಗಾಗಿ ಮೊಳೆ ಮೇಲೇಳುತ್ತದೆ, ಪಾಚಿ ಕಟ್ಟಿದರೆ ಸೈಕಲ್ ಚಕ್ರ ನಿಲ್ಲುವುದೇ ಇಲ್ಲ. ಕಾಂಕ್ರೀಟ್ ಹಲಗೆ ಹಾಕಿದರೆ ಮೊದಲ ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಅಗ್ಗದ್ದನ್ನು ಕಟ್ಟಿ ನಿರ್ವಹಣೆಯ ಹೊರೆಯನ್ನು ಮುಂದಿನವರಿಗೆ ದಾಟಿಸುವುದನ್ನು ಟೆಂಡರ್ ಹಂತದಲ್ಲೇ ಪ್ರಶ್ನಿಸಬೇಕು.

ತುಂಗಾ (ಏಪೆಕ್ಸ್)

ನಮ್ಮ ಕನ್ನಡ ಸಂಘದಿಂದ ಒಂದು ದಾರಿಯನ್ನು ದತ್ತು ತೆಗೆದುಕೊಂಡು ನಾವೇ ಸ್ವಚ್ಛ ಮಾಡಿದರೆ ಹೇಗೆ? ಮಕ್ಕಳಿಗೆ ಶಾಲೆಯ ಸೇವಾ ಗಂಟೆಗಳೂ ಸಿಗುತ್ತವೆ. ಪ್ರತಿಯೊಂದಕ್ಕೂ ಸರ್ಕಾರದ ಮುಂದೆ ಕೈ ಚಾಚುವುದೇಕೆ?

ನಿವೃತ್ತ ಲೋಕೋಪಯೋಗಿ (ಮಗಳ ಮನೆ, ಮೊರಿಸ್ವಿಲ್)

ಮಾಡಿ ತಾಯಿ, ಅಗತ್ಯ ಮಾಡಿ. ಕಸ ಹೆಕ್ಕಬಹುದು, ಕಳೆ ಬಳ್ಳಿ ಕೀಳಬಹುದು. ಮೋರಿಯ ಕೊಳವೆ ಕುಸಿದರೆ, ಸೇತುವೆಯ ತೊಲೆ ಕೊಳೆತರೆ ಮಕ್ಕಳನ್ನು ಅಲ್ಲಿಗೆ ಇಳಿಸಬೇಡಿ. ಅದು ಬಲ್ಲವರ ಕೆಲಸ, ಕೂಲಿ ಕೊಟ್ಟು ಮಾಡಿಸಬೇಕು. ನಮ್ಮ ತೆರಿಗೆ ನಮ್ಮ ದಾರಿಗೆ ಖರ್ಚಾಗಲಿ ಎನ್ನುವುದು ಕೈ ಚಾಚಿದಂತೆ ಆಗುವುದಿಲ್ಲ.

ಶಾಲಾ ಶಿಕ್ಷಕಿ (ರಾಲಿ)

ಇಲ್ಲಿ ಯಾರೂ ಎತ್ತದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ದೂರು ಬಂದ ಕಡೆ ರಿಪೇರಿ ಎಂಬ ಪದ್ಧತಿಯಲ್ಲಿ, ದೂರು ಕೊಡಲು ಬಿಡುವು ಮತ್ತು ಧೈರ್ಯ ಇರುವವರ ಬಡಾವಣೆಗೇ ಮೊದಲು ಗಾಡಿ ಹೋಗುತ್ತದೆ. ಎರಡು ಕಡೆ ದುಡಿಯುವ ತಾಯಿ ಮೊಬೈಲ್ ತೆಗೆದು ಬೇರಿನ ಫೋಟೋ ಕಳಿಸುತ್ತಾ ಕೂರುವುದಿಲ್ಲ.

ಆಗ್ನೇಯ ರಾಲಿಯ ವಾಲ್ನಟ್ ಕ್ರೀಕ್ ಬದಿಗೆ ಬನ್ನಿ. ಅಲ್ಲಿನ ರಾಚೆಸ್ಟರ್ ಹೈಟ್ಸ್ ಬಡಾವಣೆ 1957ರಲ್ಲಿ ಕಪ್ಪು ಜನರಿಗೆಂದು ಕಟ್ಟಿದ್ದು. ಬೇರೆ ಕಡೆ ಮನೆ ಕೊಳ್ಳಲು ಅವರಿಗೆ ಅವಕಾಶವಿರಲಿಲ್ಲ, ಸಿಕ್ಕಿದ್ದು ಹಳ್ಳದ ತಗ್ಗು. ಮೇಲಿನ ಊರೆಲ್ಲ ಕಾಂಕ್ರೀಟ್ ಆದಂತೆ ಅಲ್ಲಿನ ನೀರೂ ಕಸವೂ ಇವರ ಅಂಗಳಕ್ಕೆ ಬಂತು. ಅಲ್ಲಿನ ಜನ, ಚರ್ಚ್‌ನವರು ವರ್ಷಗಟ್ಟಲೆ ಜೌಗಿಗೆ ಇಳಿದು ಟೈರು, ಫ್ರಿಜ್ ಎತ್ತಿಹಾಕಿ, ಇದು ಕೊಚ್ಚೆಯಲ್ಲ, ಕಾಪಾಡಬೇಕಾದ ಜಾಗ ಎಂದು ನಗರವನ್ನು ಒಪ್ಪಿಸಿದರು. 2009ರಲ್ಲಿ ಅಲ್ಲಿ ವಾಲ್ನಟ್ ಕ್ರೀಕ್ ಜೌಗುಭೂಮಿ ಕೇಂದ್ರ ತೆರೆಯಿತು. ನನ್ನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆಮೆ ಬಿಸಿಲು ಕಾಯಿಸುವುದನ್ನು ಕಂಡ ಮಗು ಮನೆಗೆ ಹೋಗಿ ಅಜ್ಜನಿಗೆ ಹೇಳಿದರೆ, ಆ ಅಜ್ಜ ಇದೇ ಜೌಗಿನಲ್ಲಿ ಟೈರು ಎತ್ತಿದವರಾಗಿರುತ್ತಾರೆ.

ಆದ್ದರಿಂದ ನೀವು ಸಭೆಗೆ ಹೋಗುವುದಾದರೆ ನಿರ್ವಹಣೆಯನ್ನು ದೂರಿನ ಲೆಕ್ಕದಲ್ಲಿ ಮಾಡದೆ ಪರಿಶೀಲನೆಯ ಲೆಕ್ಕದಲ್ಲಿ ಮಾಡಿ ಎಂದು ಕೇಳಿ. ಇಂಜಿನಿಯರ್ ಹಿರಿಯರು ಹೇಳಿದ ಗ್ಯಾಂಗ್‌ಮನ್ ಪದ್ಧತಿ ನನಗೆ ಇಷ್ಟವಾದದ್ದು ಇದಕ್ಕೇ. ಯಾರೂ ಕೂಗದಿದ್ದರೂ ಅವನು ತನ್ನ ಪಾಲಿನ ದಾರಿಗೆ ಬರುತ್ತಾನೆ.

ಕೆರೆ ಏರಿ (ಬೆಂಗಳೂರು)

ತಂಗಿ ಕ್ಯಾರಿಯಲ್ಲಿದ್ದಾಳೆ, ಅವಳ ಮೂಲಕ ಇದನ್ನೆಲ್ಲ ಓದಿದೆ. ದೂರದವಳು ಬಾಯಿ ಹಾಕಿದೆನೆಂದು ತಪ್ಪು ತಿಳಿಯಬೇಡಿ.

ಬೆಂಗಳೂರಿನಲ್ಲಿ ನಮಗೆ ಇಂಥ ದಾರಿ ಎಂದರೆ ಕೆರೆಯ ಸುತ್ತಲಿನ ನಡಿಗೆ ಪಥ. ಕೆರೆ ಅಭಿವೃದ್ಧಿ ಎಂದರೆ ಹೂಳೆತ್ತುವುದು, ಬೇಲಿ, ಪಥ, ದೀಪ, ಕಮಾನು, ಎಲ್ಲಕ್ಕೂ ಕೋಟಿಗಳ ಲೆಕ್ಕದಲ್ಲಿ ಹಣ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ಆಮೇಲೆ ಕಾವಲುಗಾರ, ಮಾಲಿ, ಅಂತರಗಂಗೆ ತೆಗೆಯುವವರು ಇವರ ಹಣ ವಾರ್ಷಿಕ ಟೆಂಡರ್‌ನ ಮೇಲೆ ನಿಂತಿರುತ್ತದೆ. ನಮ್ಮ ಮನೆ ಬಳಿಯ ಕೆರೆಯಲ್ಲಿ ಒಂದು ಟೆಂಡರ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ತಿಂಗಳುಗಳಲ್ಲಿ ಕಾವಲುಗಾರನಿಗೆ ಸಂಬಳವೇ ಇರಲಿಲ್ಲ. ಅವನು ಬಿಟ್ಟುಹೋದ. ಅದೇ ತಿಂಗಳಲ್ಲಿ ಬೇಲಿ ಕತ್ತರಿಸಿ ಕಟ್ಟಡದ ಅವಶೇಷ ಸುರಿದರು.

ನಿರ್ವಹಣೆಗೆ ಹಣವಿಲ್ಲ ಎಂದು ಕೆರೆಗಳನ್ನೇ ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಕಾಲವೂ ಇತ್ತು. ಹೆಬ್ಬಾಳ, ನಾಗವಾರ, ಅಗರ ಕೆರೆಗಳು ಹಾಗೆ ಹೋದವು. 2008ರಲ್ಲಿ ಅದರ ವಿರುದ್ಧ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ತೀರ್ಪು ಬಂತು. ಇನ್ನೊಂದು ಕಡೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಂಥ ಕಡೆ ನೆರೆಹೊರೆಯವರೇ ಟ್ರಸ್ಟ್ ಮಾಡಿಕೊಂಡು ಪಾಲಿಕೆಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿ ಕೆರೆ ಉಳಿಸಿಕೊಂಡರು. ಅವರ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಅವರು ಪ್ರತಿವರ್ಷ ದಾನಿಗಳ ಮನೆ ಬಾಗಿಲು ತಟ್ಟಬೇಕಾಗುತ್ತಿತ್ತು. ಒಂದು ಮಹಾನಗರದ ಕೆರೆ ಒಂದಷ್ಟು ನಿವಾಸಿಗಳ ಪುಣ್ಯದ ಮೇಲೆ ನಿಲ್ಲಬಾರದು. ನಿಮ್ಮಲ್ಲಿ ಬಜೆಟ್ ಕರಡು ಬಂದು, ಜನರನ್ನು ಕೂರಿಸಿ ಕೇಳುವ ಕ್ರಮ ಇದೆಯಲ್ಲ, ದಯವಿಟ್ಟು ಬಳಸಿಕೊಳ್ಳಿ.

ಸೈಕಲ್ ಸವಾರ (ಡರ್ಹಂ)

ಪ್ರವಾಹದ ಮಾತು ಪೂರ್ತಿಯಾಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿಯ ದಂಡೆಯ ಉದ್ಯಾನಗಳು, ದಾರಿಗಳು ಕೆಸರಿನಡಿ ಹೋದವು. 2025ರ ಜುಲೈಯಲ್ಲಿ ಶಾಂಟಾಲ್ ಬಂದಾಗ ನಮ್ಮ ಡರ್ಹಂನ ಈನೋ ನದಿ ದಾಖಲೆಯ ಎತ್ತರಕ್ಕೆ ಏರಿತು. ಇಂಥ ವಿಪತ್ತಿನ ಮೇಲೆ ಒಕ್ಕೂಟ ಸರ್ಕಾರದ ಪರಿಹಾರ ಬರುವುದುಂಟು, ಆದರೆ ಊರು ಮೊದಲು ಕೈಯಿಂದ ಖರ್ಚು ಮಾಡಿ, ಹಾನಿಗೆ ಮುಂಚೆ ದಾರಿ ಹೇಗಿತ್ತು ಎಂದು ದಾಖಲೆ ತೋರಿಸಿ, ಆಮೇಲೆ ಕಾಯಬೇಕು. ಹೊಳೆದಂಡೆಯವರು ಕೇಳಿದ ವಾರ್ಷಿಕ ಸ್ಥಿತಿಯ ವರದಿ ಇದ್ದರೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಆಪತ್ತಿಗೆಂದು ಒಂದು ಮೀಸಲು ನಿಧಿಯೂ ಬೇಕು.

ಲೆಕ್ಕಪತ್ರ (ಕ್ಯಾರಿ)

ಎಲ್ಲರ ಮಾತನ್ನೂ ಓದಿದೆ. ಕಾವೇರಿ ಕಡೆಯವರ ಮಾವನವರ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ತಂದೆಯವರೂ ಹಾಗೆಯೇ ಆ ದಾರಿಯನ್ನು ನೆಚ್ಚಿಕೊಂಡಿದ್ದರು.

ನನ್ನ ನಿಲುವು ಹೀಗಿದೆ. ಹೊಸ ಬಾಂಡ್‌ಗೆ ನಾನು ಈಗಲೂ ಒಪ್ಪುವುದಿಲ್ಲ. ಸೈಕಲ್ ಸವಾರರೇ, ಎರಡೂ ಬೇಕು ಎನ್ನುವುದು ಸುಲಭ, ತೆರಿಗೆ ಕಟ್ಟುವ ಕೈ ಒಂದೇ. ಇರುವ ದಾರಿಗಳ ಸ್ಥಿತಿ ತಿಳಿಯುವವರೆಗೆ ಹೊಸ ಮೈಲಿಗಳನ್ನು ತಡೆಹಿಡಿಯಲಿ ಎಂದೇ ನಾನು ಸಭೆಯಲ್ಲಿ ಹೇಳುತ್ತೇನೆ. ಒಂದು ಮೈಲಿ ಹೊಸ ದಾರಿಗೆ ಹತ್ತು ಲಕ್ಷ ಡಾಲರ್‌ಗೂ ಮೀರಿ ತಗಲುವ ಈ ಕಾಲದಲ್ಲಿ, ಅದೇ ಹಣಕ್ಕೆ ಹಳೆಯ ದಾರಿಯ ಎಷ್ಟು ಬೇರು, ಎಷ್ಟು ಮೋರಿ ಸರಿಹೋದೀತು ಎಂದು ಕೇಳುವ ಹಕ್ಕು ನಮಗಿದೆ. ಆದರೆ ನಿರ್ವಹಣೆಗೆ ಪ್ರತ್ಯೇಕ ಸಾಲು, ವರ್ಷಕ್ಕೊಮ್ಮೆ ಪರಿಶೀಲನೆ, ಗೊತ್ತುಪಡಿಸಿದ ಕೆಲಸಗಾರರು, ಇವಿಷ್ಟಕ್ಕೆ ಸಣ್ಣ ತೆರಿಗೆ ಏರಿಕೆಯಾದರೂ ನಾನು ತಕರಾರು ಮಾಡುವುದಿಲ್ಲ.

ಸೈಕಲ್ ಸವಾರ (ಡರ್ಹಂ)

ತಡೆಹಿಡಿಯುವುದಕ್ಕೆ ನನ್ನ ವಿರೋಧವಿದೆ. ಒಕ್ಕೂಟ ನಿಧಿ ಮಂಜೂರಾದ ಕೊಂಡಿಗಳನ್ನು ನಿಲ್ಲಿಸಿದರೆ ಆ 80 ಪಾಲು ಇನ್ನೊಂದು ಊರಿಗೆ ಹೋಗುತ್ತದೆ, ನಮ್ಮ ತೆರಿಗೆ ಉಳಿಯುವುದಿಲ್ಲ. ನೀವು ನಿಮ್ಮ ಊರಿನಲ್ಲಿ ನಿಮ್ಮ ಮಾತು ಹೇಳಿ, ನಾನು ಡರ್ಹಂನಲ್ಲಿ ನನ್ನದನ್ನು ಹೇಳುತ್ತೇನೆ. ನಿರ್ವಹಣೆಯ ಸಾಲಿನ ಬಗ್ಗೆ ಇಬ್ಬರದೂ ಒಂದೇ ದನಿ ಇರಲಿ.

ಕಾವೇರಿ ಕಡೆಯವಳು (ಟ್ರಯಾಂಗಲ್)

ಮಾವನವರ ಕೈ ಕೂಡಿಕೊಂಡಿದೆ, ಊರಿಗೆ ಹೋಗಿದ್ದಾರೆ. ದೀಪಾವಳಿ ಕಳೆದು ಮತ್ತೆ ಬರುತ್ತಾರಂತೆ. ನಾನು ಸಭೆಗೆ ಬರುತ್ತೇನೆ. ಬೇರಿನ ಫೋಟೋ, ಬಿಳಿ ಬಣ್ಣದ ಫೋಟೋ ಎರಡೂ ಇವೆ. ಇಂಗ್ಲಿಷಿನಲ್ಲಿ ಬರೆದುಕೊಂಡು ಓದಿದರೆ ನಡೆಯುತ್ತದೆಯೇ? ನಿಂತು ಮಾತನಾಡಿ ಅಭ್ಯಾಸವಿಲ್ಲ.

ಶಾಲಾ ಶಿಕ್ಷಕಿ (ರಾಲಿ)

ಬರೆದುಕೊಂಡೇ ಓದಿ. ಸಿಗುವುದು ಕೆಲವೇ ನಿಮಿಷ, ಆದ್ದರಿಂದ ಮೊದಲ ವಾಕ್ಯದಲ್ಲೇ ಏನು ಬೇಕು ಎಂದು ಹೇಳಿಬಿಡಿ, ಮಾವನವರ ವಿಷಯ ಆಮೇಲೆ. ಮಾತನಾಡಲು ಮೊದಲೇ ಹೆಸರು ಕೊಡಬೇಕಾಗಬಹುದು, ನಿಮ್ಮ ಊರಿನ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಕೇಳಿ. ಬರೆದದ್ದನ್ನು ನನಗೆ ಕಳಿಸಿದರೆ ಓದಿ ನೋಡುತ್ತೇನೆ.

ಲೆಕ್ಕಪತ್ರ (ಕ್ಯಾರಿ)

ಕರಡು ಬಂದ ದಿನ ಉದ್ಯಾನ ಇಲಾಖೆಯ ಪುಟಗಳನ್ನು ನಾನು ಕೂತು ಓದುತ್ತೇನೆ. ಗ್ರೀನ್‌ವೇ ನಿರ್ವಹಣೆಯ ಅಂಕಿ ಎಲ್ಲೆಲ್ಲಿ ಹಂಚಿಹೋಗಿದೆ ಎಂದು ಹುಡುಕಿ ಒಂದೇ ಪಟ್ಟಿ ಮಾಡಿ ಇಲ್ಲಿ ಹಾಕುತ್ತೇನೆ. ರಾಲಿಯ ಕರಡನ್ನು ಹೊಳೆದಂಡೆಯವರು ನೋಡಲಿ. ಮೊರಿಸ್ವಿಲ್‌ನದನ್ನು ಇಂಜಿನಿಯರ್ ಹಿರಿಯರು ನೋಡುವಿರಾ, ಸರ್? ಮೋರಿಗಳ ಲೆಕ್ಕ ನಿಮಗಲ್ಲದೆ ನಮಗಾರಿಗೂ ತಿಳಿಯದು.